ಒಲೆಯ ಹಿಂದಿನ ಜಾಯಿಂಟು

ಗೋಡೆ ಬೆವರುತ್ತಿದೆ ಎಂದು ಅಡುಗೆಯಮ್ಮ ಬಂದು ಹೇಳಿದಾಗ ನಾನು ನಕ್ಕುಬಿಟ್ಟೆ. "ಮಾರ್ಚ್ ತಿಂಗಳಲ್ಲಿ ಬೆವರದೆ ಚಳಿಗೆ ನಡುಗುತ್ತಾ ದೊಡ್ಡಮ್ಮ?" ಎಂದು ತಮಾಷೆ ಮಾಡಿ ಕಳಿಸಿದೆ. ಮಾರನೆಯ ದಿನ ಅಡುಗೆಮನೆಗೆ ಹೋಗಿ ಒಲೆಯ ಹಿಂದಿನ ಗೋಡೆಗೆ ಅಂಗೈ ಒತ್ತಿದೆ. ಸುಣ್ಣದ ಪದರದ ಸಮೇತ ಒಂದು ಹಿಡಿ ಮಣ್ಣು ಕೈಗೆ ಬಂತು. ರೊಟ್ಟಿ ಹಿಟ್ಟಿನ ಹದಕ್ಕೆ ನೆನೆದ ಮಣ್ಣು. ನಗು ಅಲ್ಲಿಗೆ ನಿಂತಿತು.

ಎಂಬತ್ತರ ದಶಕದ ಆರಂಭದ ಮಾತು. ಅಜ್ಜಂಪುರದಲ್ಲಿ ಊರವರೇ ಸಮಿತಿ ಮಾಡಿಕೊಂಡು ನಡೆಸುತ್ತಿದ್ದ ಹೆಣ್ಣುಮಕ್ಕಳ ಹಾಸ್ಟೆಲಿಗೆ ನಾನು ವಾರ್ಡನ್. ಕಟ್ಟಡ ಮೊದಲು ದಿನಸಿ ಮಳಿಗೆಯಾಗಿತ್ತು. ಹಸಿ ಇಟ್ಟಿಗೆಯ ಗೋಡೆಗಳು. ಬಚ್ಚಲುಮನೆಯ ತಾರಸಿಯ ಮೇಲೆ ಒಂದು ಸಿಮೆಂಟಿನ ಟ್ಯಾಂಕು. ದಿನ ಬಿಟ್ಟು ದಿನ ನಸುಕಿನಲ್ಲಿ ಬೀದಿಯ ಪೈಪಿನಿಂದ ನೀರು ಬಂದು ಅದು ತುಂಬುತ್ತಿತ್ತು. ಅಲ್ಲಿಂದ ಮುಕ್ಕಾಲು ಇಂಚಿನ ಕಬ್ಬಿಣದ ಪೈಪು ಅಡುಗೆಮನೆಯ ಗೋಡೆಗುಂಟ ಇಳಿದು, ಒಲೆಯ ಹಿಂದೆ ಮೊಣಕೈಯಂತೆ ಬಾಗಿದ ಒಂದು ಎಲ್ಬೋದಲ್ಲಿ ತಿರುಗಿ, ಪಾತ್ರೆ ತೊಳೆಯುವ ಕಲ್ಲಿನ ಮೇಲೆ ನಲ್ಲಿಯಾಗಿ ನಿಲ್ಲುತ್ತಿತ್ತು. ಸೋರುತ್ತಿದ್ದುದು ಆ ಎಲ್ಬೋ. ಪೈಪಿನ ತುದಿಯ ಮರೆ, ಅಂದರೆ ತಿರುಪಿನ ಸುತ್ತುಗಳು, ಅದರೊಳಗೆ ಸೇರುವ ಜಾಗದಿಂದ ನೀರು ಗೋಡೆಗೆ ಇಳಿಯುತ್ತಿತ್ತು.

ಸಮಿತಿಯ ಕಾರ್ಯದರ್ಶಿಗಳು ನೋಡಲು ಬಂದರು. ಛತ್ರಿಯ ತುದಿಯಿಂದ ಗೋಡೆಯನ್ನು ಚುಚ್ಚಿದರು. ತುದಿ ಸಲೀಸಾಗಿ ಒಳಗೆ ಹೋಯಿತು. ಛತ್ರಿಯನ್ನು ಹಿಂದಕ್ಕೆ ಎಳೆದುಕೊಂಡರು.

"ಇದು ಮಕ್ಕಳ ಮೇಲೆ ಬಿದ್ರೆ ಯಾರಮ್ಮ ಜವಾಬ್ದಾರಿ? ಸೋಮವಾರ ಬೆಳಿಗ್ಗೆ ಹೊತ್ಗೆ ಸೋರೋದು ನಿಂತಿರ್ಬೇಕು. ಇಲ್ಲಾಂದ್ರೆ ಟ್ಯಾಂಕಿಗೆ ನೀರು ಬಿಡೋದು ಬಂದ್" ಎಂದರು.

"ಸೋಮವಾರ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರು ಸಾರ್" ಎಂದೆ.

"ಆಗ್ಲಿ. ಬೀದಿ ನಲ್ಲೀಲಿ ಹಿಡ್ಕೊಂಡ್ ಬರ್ತಾರೆ. ಹಳ್ಳಿ ಮಕ್ಕಳಲ್ವಾ, ಕೊಡ ಹೊರೋದೇನು ಹೊಸದಾ ಅವ್ರಿಗೆ?"

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಗೋಡೆ ಬೀಳುವುದಕ್ಕಿಂತ ಕೊಡ ಹೊರುವುದು ಮೇಲು. ಆದರೆ ನನ್ನ ಕಣ್ಣ ಮುಂದೆ ಬಂದವಳು ಚೌಳಹಿರಿಯೂರಿನ ಕಡೆಯ ಒಬ್ಬ ಹುಡುಗಿ. ತನ್ನ ಕೇರಿಯಲ್ಲಿ ಹತ್ತನೆಯ ತರಗತಿಯವರೆಗೆ ಬಂದ ಮೊದಲ ಹೆಣ್ಣುಮಗು ಅವಳು. ಸೇರಿಸಲು ಬಂದ ದಿನ ಅವಳ ತಂದೆ ಜಗಲಿಯ ಮೇಲೆ ಕುಳಿತು ಒಂದೇ ಒಂದು ಷರತ್ತು ಹಾಕಿದ್ದರು. "ಓದ್ಲಿ ಕಣಮ್ಮ, ಬ್ಯಾಡ ಅನ್ನಲ್ಲ. ಬೀದಿ ನಲ್ಲೀಗೆ ಮಾತ್ರ ಕೊಡ ಹಿಡ್ಕಂಡ್ ಹೋಗಂಗಿಲ್ಲ. ಹೋದ ದಿವ್ಸ ಬಂದು ಕರ್ಕಂಡ್ ಹೋಯ್ತೀನಿ." ಅವರ ಅಣ್ಣನ ಮಗಳು ಬೇರೊಂದು ಊರಿನಲ್ಲಿ ಓದಲು ಹೋಗಿದ್ದಾಗ, ಬೀದಿ ನಲ್ಲಿಯ ಹತ್ತಿರ ಯಾರೋ ಹುಡುಗ ಏನೋ ಅಂದ. ಆ ಮಾತು ಬಸ್ಸು ಹತ್ತಿ ಹಳ್ಳಿಗೆ ಬಂತು. ಹುಡುಗಿಯ ಓದು ನಿಂತಿತು, ಗೊತ್ತಾಗಿದ್ದ ಮದುವೆಯೂ ನಿಂತಿತು. ಹುಡುಗಿಯ ತಂದೆ ಕೆಟ್ಟ ಮನುಷ್ಯರಲ್ಲ. ನನಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲಿ ಇರುವಂಥದ್ದು; ಅವರ ಮೇಲೆ ಮಾತ್ರ ಕೋಪ ಮಾಡಿಕೊಳ್ಳಲು ಆಗಲಿಲ್ಲ. ಪರೀಕ್ಷೆಗೆ ಮೊದಲು ಮಗಳನ್ನು ನೋಡಲು ಭಾನುವಾರ ಸಂಜೆ ಬರುತ್ತೇನೆ ಎಂದು ಹೇಳಿ ಕಳಿಸಿದ್ದರು.

ಊರಿನಲ್ಲಿ ನಲ್ಲಿ ರಿಪೇರಿ ಮಾಡುತ್ತಿದ್ದವನು ಒಬ್ಬನೇ. ಅವನು ಕಡೂರಿನಲ್ಲಿ ಹೊಸ ಲಾಡ್ಜಿನ ಕೆಲಸ ಹಿಡಿದು ಹೋಗಿದ್ದ. ಹಾಗಾಗಿ ಚಿಕಿತ್ಸೆ ನಮ್ಮಿಂದಲೇ ಶುರುವಾಯಿತು.

ಮೊದಲನೆಯದು ಅಡುಗೆಯಮ್ಮನದು. ಬೆಲ್ಲಕ್ಕೆ ಸುಣ್ಣ ಸೇರಿಸಿ ಕುಟ್ಟಿ, ಅಂಟಾಗಿ ಎಳೆ ಬರುವಂತೆ ಮಾಡಿ ಜಾಯಿಂಟಿನ ಸುತ್ತ ಮೆತ್ತಿದರು. ಅವರ ತವರಿನಲ್ಲಿ ಸೋರುವ ಹಂಡೆಗೆ, ಒಡೆದ ಕುಂಡಕ್ಕೆ ಎಲ್ಲಕ್ಕೂ ಅದೇ ಮದ್ದಂತೆ. ನಿಜವಾಗಿಯೂ ಒಂದು ದಿನ ನಿಂತಿತು. ಎರಡನೆಯ ದಿನ ಬೆಲ್ಲ ಕರಗಿ ಗೋಡೆಯ ಮೇಲೆ ಇಳಿಯಿತು. ಆ ಗುರುತು ಹಿಡಿದು ಕೆಂಪಿರುವೆಗಳು ಬಂದವು. ಅಕ್ಕಿಯ ಡಬ್ಬಿ, ಬೇಳೆಯ ಡಬ್ಬಿ, ಕೊನೆಗೆ ಹುಡುಗಿಯರ ತಲೆದಿಂಬು ಯಾವುದನ್ನೂ ಬಿಡಲಿಲ್ಲ. ಅಡುಗೆಯಮ್ಮ ಸೋಲು ಒಪ್ಪಲಿಲ್ಲ. "ಸುಣ್ಣ ಕಮ್ಮಿ ಆಯ್ತು ಕಣಮ್ಮ" ಎಂದರು.

ಆಮೇಲೆ ಹಲಸಿನ ಮೇಣ. ಯಾರದೋ ಹಿತ್ತಿಲಿನಿಂದ ತಂದು, ಕಡ್ಡಿಗೆ ಸುತ್ತಿ ಬಿಸಿ ಮಾಡಿ, ಜಾಯಿಂಟಿಗೆ ಬಳಿದೆವು. ಕೈಗೆ ಮೆತ್ತಿದ ಮೇಣ ಬಿಡಿಸಲು ಅರ್ಧ ಬಾಟಲಿ ಸೀಮೆಎಣ್ಣೆ ಖಾಲಿಯಾಯಿತು. ಮೇಣ ಮಾತ್ರ ಮಾರನೆಯ ಬೆಳಿಗ್ಗೆ ಉಪ್ಪಿಟ್ಟಿಗೆ ಎಸರು ಕುದಿಯುವ ಹೊತ್ತಿಗೆ ಜಾರಿ ಒಲೆಯ ಕಟ್ಟೆಯ ಮೇಲೆ ಬಿದ್ದಿತ್ತು. ಅದು ಯಾಕೆ ಆ ಹೊತ್ತಿಗೇ ಜಾರಿತು ಎಂದು ಅಂದೇ ಯೋಚಿಸಬೇಕಿತ್ತು. ಹಾಳಾದ ಸಿಟ್ಟು ಯೋಚಿಸಲು ಎಲ್ಲಿ ಬಿಡುತ್ತದೆ?

ಬಸ್ಸು ಹತ್ತಿ ತರೀಕೆರೆಗೆ ಹೋದೆ. ಬಸ್ ಸ್ಟ್ಯಾಂಡಿನ ಹಿಂದಿನ ಕಬ್ಬಿಣದ ಅಂಗಡಿಯವರು ಎರಡು ಬಣ್ಣದ ಎರಡು ಉಂಡೆ ಕೊಟ್ಟರು. ಎರಡನ್ನೂ ನಾದಿ ಒಂದು ಮಾಡಿ ಹಚ್ಚಿದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ ಎಂದರು. ಗಟ್ಟಿಯೇನೋ ಆಯಿತು. ಆದರೆ ನೀರು ಒಸರುತ್ತಲೇ ಇದ್ದ ಕಬ್ಬಿಣವನ್ನು ಅದು ಹಿಡಿದುಕೊಳ್ಳಲಿಲ್ಲ. ಬೆರಳು ತಾಕಿಸಿದರೆ ಇಡೀ ಉಂಡೆ ಟೋಪಿಯಂತೆ ಕಳಚಿ ಕೈಗೆ ಬಂತು, ಹಿಂದೆಯೇ ನೀರು ಚಿಮ್ಮಿತು. ಚಿಂದಿ ಬಟ್ಟೆ ಸುತ್ತಿ ಹುರಿ ಬಿಗಿದು, ಕೆಳಗೆ ಒಂದು ಬಕೆಟ್ಟು ಇಟ್ಟು, ತಲೆ ಮೇಲೆ ಕೈ ಹೊತ್ತು ಕೂತೆ.

ಗುರುವಾರ ಬೆಳಗಿನ ರೈಲಿಗೆ ಕಡೂರಿಗೆ ಹೋಗಿ ಆ ನಲ್ಲಿ ರಿಪೇರಿಯವನನ್ನು ಹುಡುಕಿದೆ. ಲಾಡ್ಜಿನ ಎರಡನೆಯ ಮಹಡಿಯಲ್ಲಿ ಪೈಪಿಗೆ ಮರೆ ಕೊಯ್ಯುತ್ತ ಕೂತಿದ್ದ. ಎಷ್ಟು ಬೇಡಿಕೊಂಡರೂ ಬರಲು ಒಪ್ಪಲಿಲ್ಲ.

"ಈಗ ಬಿಟ್ ಬಂದ್ರೆ ಕೆಲ್ಸ ಬೇರೆಯವ್ರ ಪಾಲಾಯ್ತದೆ. ಯುಗಾದಿ ಕಳೀಲಿ, ಬತ್ತೀನಿ."

"ಯುಗಾದಿ ಹೊತ್ತಿಗೆ ಗೋಡೆನೇ ಇರಲ್ಲಪ್ಪ. ಹೊರಗಡೆ ಇನ್ನೇನು ಬಳೀಲಿ, ಅದಾದ್ರೂ ಹೇಳು."

"ಹೊರಗಡೆ ಏನ್ ಬಳುದ್ರೂ ಅಷ್ಟೇ ಕಣ್ರೀ. ಬಿಚ್ಬೇಕು. ಮರೆ ಮೇಲೆ ನಾರು ಸುತ್ತಿ, ಸಫೇದ ಬಳ್ದು, ತಿರುಗ್ಸಿ ಬಿಗೀಬೇಕು. ನಿಮ್ ಕೈಲಿ ಆಗದ ಕೆಲ್ಸ, ಸುಮ್ನಿರಿ" ಎಂದ. ಪೈಪು ಬಿಚ್ಚುವ ಪಾನಾ ಕೇಳಿದೆ. ಕೊಡಲಿಲ್ಲ. ಬೈದುಕೊಂಡು ಮೆಟ್ಟಿಲಿಳಿದೆ. ಬೈಗುಳ ಅವನಿಗೂ ಕೇಳಿಸಿರಬೇಕು.

ಅಲ್ಲೇ ಪೇಟೆಯ ಬಣ್ಣದ ಅಂಗಡಿಯಲ್ಲಿ ಸಫೇದ ಕೇಳಿದೆ. ಅಂಗಡಿಯವರು ಬಿಳಿ ಬಣ್ಣದ ಸಣ್ಣ ಡಬ್ಬಿಯನ್ನು ಮುಂದಿಟ್ಟರು. ಅದರ ಮೇಲಿನ ಇಂಗ್ಲಿಷು ಅಕ್ಷರ ಓದಿ ಕೈ ಹಿಂದಕ್ಕೆ ಎಳೆದುಕೊಂಡೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ ಬಹುಪಾಲು ಮರೆತಿದ್ದೆ, ಆದರೆ ಸೀಸ ವಿಷ ಎಂಬುದು ಮರೆತಿರಲಿಲ್ಲ.

"ಇದು ಕುಡಿಯೋ ನೀರಿನ ಪೈಪು. ಇದರಲ್ಲಿ ಸೀಸ ಇದೆಯಲ್ರೀ?"

"ಎಲ್ಲಾರೂ ಇದೇ ಹಾಕೋದು ಕಣಮ್ಮ. ನಮ್ಮನೆ ಪೈಪಿಗೂ ಇದೇ. ಯಾರ್ಗೇನಾಗೈತೆ?"

ಕೆಂಪು ಸಿಂಧೂರದ ಡಬ್ಬಿ ತೋರಿಸಿದರು, ಅದೂ ಸೀಸವೇ. ಇನ್ನೇನಿದೆ ಎಂದು ಪಟ್ಟು ಹಿಡಿದೆ. ಅವರು ಬೇಸರದಿಂದಲೇ ಮೇಲಿನ ಗೂಡಿನಿಂದ ಬಿಳಿಯ ತೆಳು ಟೇಪಿನ ಒಂದು ಸುರುಳಿ ತೆಗೆದರು. ಬೆಂಗಳೂರಿನಿಂದ ಮಾದರಿಗೆ ಬಂದದ್ದು, ಇಲ್ಲಿ ಕೇಳುವವರಿಲ್ಲ ಎಂದರು. ಅದೂ ಬೇಡವಾದರೆ ಸಣಬಿನ ನಾರಿಗೆ ಅಗಸೆ ಎಣ್ಣೆ ಮತ್ತು ಚಾಕ್ ಪೌಡರು ಕಲಸಿ ಹಚ್ಚಬಹುದು, ಬಡಗಿಗಳು ಕಿಟಕಿಗೆ ಗಾಜು ಕೂರಿಸುವುದು ಅದರಲ್ಲೇ, ಆದರೆ ಆರಲು ತಡ ಎಂದರು. ನಾನು ಎರಡನ್ನೂ ಕಟ್ಟಿಸಿಕೊಂಡೆ. ರೈಲಿನಲ್ಲಿ ಬೀರೂರು ದಾಟುವವರೆಗೆ ಆ ಟೇಪನ್ನು ಮುಟ್ಟಿ ಮುಟ್ಟಿ ನೋಡಿದೆ. ಎಣ್ಣೆಯಿಲ್ಲ, ಜಿಡ್ಡಿಲ್ಲ, ಆರುವುದಕ್ಕೆ ಕಾಯಬೇಕಾಗಿಲ್ಲ. ಇದೇ ಸರಿ ಎನ್ನಿಸಿತು.

ಬಿಚ್ಚುವುದೆಂದರೆ ಮಾತು ಸುಲಭ. ಟ್ಯಾಂಕಿನ ಬುಡದ ವಾಲ್ವು ಸವೆದು, ಎಷ್ಟು ತಿರುಗಿಸಿದರೂ ಪೂರ್ತಿ ಮುಚ್ಚುತ್ತಿರಲಿಲ್ಲ. ಜಾಯಿಂಟು ಬಿಚ್ಚಬೇಕಾದರೆ ಟ್ಯಾಂಕು ಬರಿದಾಗಬೇಕು. ಶುಕ್ರವಾರ ಬೆಳಿಗ್ಗೆ ಹಂಡೆ, ಕೊಳದಪ್ಪಲೆ, ಬಕೆಟ್ಟು ಎಲ್ಲ ತುಂಬಿಸಿದೆವು. ಸಾಲದೆ ಹುಡುಗಿಯರು ತಮ್ಮ ತಮ್ಮ ಚೊಂಬು, ತಟ್ಟೆ, ಊಟದ ಡಬ್ಬಿಗಳನ್ನು ತಂದರು. ಅಂಗಳದ ತುಂಬ ನೀರು ತುಂಬಿದ ಪಾತ್ರೆ, ನಡೆಯಲು ಜಾಗವಿರಲಿಲ್ಲ. ಹಿಟ್ಟಿನ ಗಿರಣಿಯವರಿಂದ ದೊಡ್ಡ ಪೈಪ್ ಪಾನಾ ಎರವಲು ತಂದೆ. ನಲ್ಲಿಯ ಪಕ್ಕದಲ್ಲೇ ಒಂದು ಯೂನಿಯನ್ ಇದ್ದದ್ದು ಪುಣ್ಯ. ಯೂನಿಯನ್ ಎಂದರೆ ಪೈಪನ್ನು ಎಲ್ಲೂ ಕತ್ತರಿಸದೆ ನಡುವೆ ಬಿಡಿಸಲು ಹಾಕಿರುವ ಕೂಡು. ಅದನ್ನು ಸಡಿಲಿಸಿ ಅಡ್ಡ ತುಂಡನ್ನು ತೆಗೆದು, ಆಮೇಲೆ ಎಲ್ಬೋವನ್ನು ತಿರುಗಿಸಿದೆ.

ಒಳಗೆ ನೋಡಿದೆ. ಮರೆಯ ಸಂದುಗಳಲ್ಲಿ ಬಿಳಿಯ ಗಟ್ಟಿ ಗಾರೆ ಕೂತಿತ್ತು. ಸಫೇದ. ಪೈಪು ಹಾಕಿದ ದಿನದಿಂದ ಈ ಮಕ್ಕಳೂ ನಾನೂ ಕುಡಿದದ್ದು ಅದನ್ನು ಸವರಿಕೊಂಡು ಬಂದ ನೀರನ್ನೇ. ಯಾರಿಗೂ ಹೇಳಲಿಲ್ಲ. ಹೇಳಿ ಮಾಡುವುದಾದರೂ ಏನಿತ್ತು? ಒದ್ದೆ ಬಟ್ಟೆ ಹಿಡಿದು, ತುಂಡು ಹ್ಯಾಕ್ಸಾ ಬ್ಲೇಡಿನಿಂದ ಒಂದೊಂದು ಮರೆಯನ್ನೂ ಕೆರೆದು, ಕೆರೆದ ಚೂರನ್ನು ಕಾಗದದಲ್ಲಿ ಕಟ್ಟಿ ದೂರ ಹೂತು ಬಂದೆ. ಕೆರೆದ ಮೇಲೆ ಕಂಡದ್ದು ತುಕ್ಕು. ಮರೆಯ ಏಣುಗಳು ಅಲ್ಲಲ್ಲಿ ತಿಂದುಹೋಗಿದ್ದವು. ಇದ್ದಷ್ಟರ ಮೇಲೆ ಟೇಪು ಸುತ್ತಿ, ಎಲ್ಬೋ ಕೂರಿಸಿ, ಬಿಗಿದೆ.

ಶನಿವಾರ ನಸುಕಿನಲ್ಲಿ ನೀರು ಬಂತು. ಟ್ಯಾಂಕು ತುಂಬಿತು. ಜಾಯಿಂಟಿನ ಕೆಳಗೆ ಬೆರಳು ಆಡಿಸಿದೆ: ಒಣ. ನಾನು ಹುಚ್ಚಿಯ ಹಾಗೆ ಕೂಗಿಕೊಂಡೆ. ಹುಡುಗಿಯರು ಎದ್ದು ಬಂದು ಚಪ್ಪಾಳೆ ತಟ್ಟಿದರು. ಅಡುಗೆಯಮ್ಮ ಬೂದಿಯಡಿಯ ಕೆಂಡ ಕೆದಕಿ ಒಲೆ ಉರಿಸಿ ಅನ್ನಕ್ಕೆ ಎಸರಿಟ್ಟರು. ನಾನು ಪಕ್ಕದಲ್ಲೇ ಕಾಫಿ ಕುಡಿಯುತ್ತ ನಿಂತಿದ್ದೆ. ಎಸರು ಕುದಿಯಿತು. ಆಗ ಟಪ್ ಎಂದು ಒಂದು ಹನಿ ಒಲೆಯ ಕಟ್ಟೆಯ ಮೇಲೆ ಬಿತ್ತು. ಹಿಂದೆಯೇ ಇನ್ನೊಂದು. ಕಾಫಿ ಮುಗಿಯುವಷ್ಟರಲ್ಲಿ ಮೊದಲಿಗಿಂತ ಜೋರಾಗಿ ಸೋರುತ್ತಿತ್ತು.

ಲೋಟ ಗೋಡೆಗೆ ಎಸೆದೆ. ಹುಡುಗಿಯರ ಎದುರಿಗೇ ಅತ್ತೆ. ಚೌಳಹಿರಿಯೂರಿನ ಹುಡುಗಿ ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತಿದ್ದಳು. ಅವಳು ಅಳಲಿಲ್ಲ. "ನಮ್ಮಪ್ಪಂಗೆ ಹೇಳ್ಬೇಡಿ ಮೇಡಂ, ನಾನು ಯಾರಿಗೂ ಕಾಣದಂಗೆ ನಸುಕ್ನಲ್ಲೇ ಹೋಗಿ ನೀರು ತರ್ತೀನಿ" ಎಂದಳು. ಪರೀಕ್ಷೆಯ ದಿನ ಅಪ್ಪನಿಗೆ ಕದ್ದು ನೀರು ತರುವ ಚಿಂತೆಯಲ್ಲಿ ಈ ಮಗು ಏನು ಬರೆದೀತು?

ಕಣ್ಣೊರೆಸಿಕೊಂಡು ಪೈಪಿನ ಮೇಲೆ ಕೈ ಇಟ್ಟೆ. ಚುರ್ ಎಂದಿತು. ಕೈ ಹಿಂದಕ್ಕೆ ತೆಗೆದವಳು ಹಾಗೇ ನಿಂತುಬಿಟ್ಟೆ. ಬೆಳಿಗ್ಗೆ ಒಣಗಿದ್ದದ್ದು ಒಲೆ ಉರಿದ ಮೇಲೆ ಸೋರಿತ್ತು. ಮೇಣ ಜಾರಿದ್ದೂ ಎಸರು ಕುದಿಯುವ ಹೊತ್ತಿಗೇ. ಒಲೆಗೂ ಪೈಪಿಗೂ ನಡುವೆ ಒಂದು ಗೇಣೂ ಇರಲಿಲ್ಲ. ದಿನಾ ಕಾದು ಹಿಗ್ಗಿ, ಆರಿ ಕುಗ್ಗಿ, ಎರಡು ಕಡೆ ಗೋಡೆಯಲ್ಲಿ ಕಚ್ಚಿಕೊಂಡಿದ್ದ ಪೈಪು ಆ ಮೂಲೆಯನ್ನೇ ಅಲುಗಿಸುತ್ತಿತ್ತು. ತಿಂದುಹೋದ ಮರೆಯ ಮೇಲೆ ನವಿರಾದ ಟೇಪು ಅದಕ್ಕೆ ಸಾಲದು. ಸಂದನ್ನು ತುಂಬುವಂಥದ್ದು ಬೇಕು, ಸ್ವಲ್ಪ ಬಾಗುವಂಥದ್ದು ಬೇಕು. ನೀರು ಕುಡಿದರೆ ಉಬ್ಬಿಕೊಳ್ಳುವ ಸಣಬೇ ಸರಿ. ಆದರೆ ಅದರ ಎಣ್ಣೆ ಆರುವ ಮೊದಲೇ ಒಲೆಯ ಕಾವು ತಗುಲಿದರೆ ತೆಳ್ಳಗಾಗಿ ಹರಿದುಹೋಗುತ್ತದೆ. ಅಂದರೆ ಒಲೆ ಆರಬೇಕು. ಈಗಲೇ, ಸೋಮವಾರದವರೆಗೆ. ಈಗ ತಾನೇ ತುಂಬಿದ ಟ್ಯಾಂಕೂ ಮತ್ತೆ ಬರಿದಾಗಬೇಕು. ಈ ಸಲ ಕೆಟ್ಟರೆ ಪರೀಕ್ಷೆಯ ದಿನ ಅಡುಗೆಗೂ ನೀರಿಲ್ಲ, ಮುಖ ತೊಳೆಯಲೂ ನೀರಿಲ್ಲ. ಸುಮ್ಮನಿದ್ದರೂ ಸೋಮವಾರ ನೀರು ಬಂದ್. ಬಿಚ್ಚುವುದೆಂದು ತೀರ್ಮಾನಿಸಿದೆ.

ಅಡುಗೆಯಮ್ಮ ಒಲೆಗೆ ಅಡ್ಡ ನಿಂತರು. ಆ ಒಲೆ ಹೂಡಿದ ದಿನ ಅರಿಶಿನ ಕುಂಕುಮ ಇಟ್ಟು ಹೊತ್ತಿಸಿದ ಬೆಂಕಿಯನ್ನು ಅವರು ಒಂದು ದಿನವೂ ಆರಲು ಬಿಟ್ಟಿರಲಿಲ್ಲ. ಊಟ ಮುಗಿದ ಮೇಲೆ ದಪ್ಪ ಕೊರಡನ್ನು ಬೂದಿಯಡಿ ಮುಚ್ಚಿ, ಬೆಳಿಗ್ಗೆ ಅದೇ ಕೆಂಡದಿಂದ ಉರಿ ಎಬ್ಬಿಸುತ್ತಿದ್ದರು. ಮನೆಯಲ್ಲಿ ಸಾವಾದಾಗ ಮಾತ್ರ ಒಲೆ ಆರುವುದು ಎಂಬುದು ಅವರ ನಂಬಿಕೆ.

"ಪರೀಕ್ಷೆ ಎದ್ರಿಗಿಟ್ಕಂಡು ಒಲೆ ಆರುಸ್ತಾರಾ? ಯಾರ್ ಸತ್ತವ್ರೆ ಈ ಮನೇಲಿ? ನನ್ ಕೈಲಾಗಲ್ಲ ಕಣಮ್ಮ. ಬೇಕಾದ್ರೆ ನನ್ ಕೆಲ್ಸದಿಂದ ತಗದ್ಬಿಡಿ."

ನನಗೂ ರೇಗಿತು. "ನಿಮ್ಮ ಕೆಂಡ ಮುಖ್ಯವೋ, ಆ ಹುಡುಗಿ ಮುಖ್ಯವೋ?" ಎಂದು ಕಿರುಚಿದೆ. ಅವರು ಸೆರಗು ಬಾಯಿಗೊತ್ತಿಕೊಂಡು ಹುಡುಗಿಯ ಕಡೆ ನೋಡಿದರು. ಆಮೇಲೆ ಮೂಲೆಯಿಂದ ಒಡೆದ ಮಡಕೆಯ ಬೋಕಿ ತಂದು, ಇಕ್ಕಳದಿಂದ ಕೆಂಡಗಳನ್ನು ಆರಿಸಿ ಆರಿಸಿ ಅದಕ್ಕೆ ಹಾಕಿ, ಮೇಲೆ ಬೂದಿ ಮುಚ್ಚಿದರು.

"ಆರುಸದ್ ಬ್ಯಾಡ. ಹೊತ್ಕಂಡ್ ಹೋಗಾನ" ಎಂದರು. ಅಂಗಳದ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ಕುಂಕುಮವಿಟ್ಟು, ಕೆಂಡವನ್ನು ಅಲ್ಲಿ ಸುರಿದು ಊದಿದರು. ಅಷ್ಟು ದಿನದ ಮೇಲೆ ಒಳಗಿನ ಒಲೆ ತಣ್ಣಗಾಯಿತು. ಬೆಂಕಿ ಹೊರಗೆ ಉರಿಯಿತು. ಇದು ನನಗೆ ಯಾಕೆ ಹೊಳೆಯಲಿಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಪಾತ್ರೆಗಳೆಲ್ಲ ಮತ್ತೆ ತುಂಬಿದವು. ಗೋಡೆ ತಣಿಯುವವರೆಗೆ ಕಾದು ಎಲ್ಬೋ ಬಿಚ್ಚಿದೆ. ಟೇಪು ಹರಿದು ಚಿಂದಿಯಾಗಿ ಮರೆಯ ಸಂದಿನಲ್ಲಿ ಮುದುರಿಕೊಂಡಿತ್ತು. ಎಲ್ಲ ಕಿತ್ತೆ. ನಾರು ಜಾರದಿರಲೆಂದು ಬ್ಲೇಡಿನಿಂದ ಮರೆಯ ಮೇಲೆ ಅಡ್ಡ ಗೀರು ಹಾಕಿದೆ. ಸಣಬಿನ ನಾರನ್ನು ಬಾಚಣಿಗೆಯಿಂದ ಬಾಚಿ ಸಣ್ಣ ಎಳೆ ಮಾಡಿಕೊಂಡು, ಪೈಪಿನ ತುದಿಯಿಂದ ಹಿಂದಕ್ಕೆ, ಎಲ್ಬೋ ತಿರುಗುವ ದಿಕ್ಕಿಗೇ ಸುತ್ತಿದೆ. ಎದುರು ದಿಕ್ಕಿಗೆ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ. ಹೆಚ್ಚು ಸುತ್ತಿದರೆ ಎಲ್ಬೋ ಸೀಳುತ್ತದೆ, ಕಮ್ಮಿಯಾದರೆ ಸೋರುತ್ತದೆ. ಎಷ್ಟು ಸರಿ ಎಂದು ಹೇಳುವವರು ಯಾರೂ ಇರಲಿಲ್ಲ. ಚಾಕ್ ಪೌಡರಿಗೆ ಅಗಸೆ ಎಣ್ಣೆ ಹಾಕಿ ಚಟ್ನಿಯ ಹದಕ್ಕೆ ಕಲಸಿ, ನಾರಿನೊಳಗೆ ಇಳಿಯುವಂತೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ಹಚ್ಚಿದೆ.

ಎಲ್ಬೋ ತಿರುಗಿಸುತ್ತ ಹೋದೆ. ಬಿಗಿಯಾಯಿತು, ಇನ್ನೂ ಬಿಗಿಯಾಯಿತು, ಅಲ್ಲೇ ನಿಂತಿತು. ಅದರ ಬಾಯಿ ನಲ್ಲಿಯ ಕಡೆಗೆ ನೋಡಬೇಕಿತ್ತು, ಒಲೆಯ ಕಡೆಗೆ ನೋಡುತ್ತಿತ್ತು. ಇನ್ನು ಕಾಲು ಸುತ್ತು ಬಾಕಿ. ಹಿಂದಕ್ಕೆ ತಿರುಗಿಸಿ ಸರಿ ಮಾಡಿಕೊಳ್ಳುವ ಹಾಗಿರಲಿಲ್ಲ. ಒಂದು ಸಲ ಹಿಂದೆ ಬಂದರೆ ನಾರು ಸಡಿಲಾಗಿ ಎಲ್ಲ ಮೊದಲಿನಿಂದ. ಪಾನಾಕ್ಕೆ ಜೋತು ಬಿದ್ದೆ. ಅಲುಗಲಿಲ್ಲ. ಅಂಗೈ ಸುಲಿಯಿತು. ದೇವರೇ, ಕಾಲು ಸುತ್ತಿಗೆ ಈ ಮಗುವಿನ ಬದುಕು ನಿಂತಿತಲ್ಲ ಎಂದು ಗೋಡೆಗೆ ಹಣೆ ಕೊಟ್ಟು ನಿಂತೆ.

ಹಿಂದಿನಿಂದ ಅಡುಗೆಯಮ್ಮ ಬಂದರು. ಒಲೆ ಹೊರಗೆ ಹೂಡಿದಾಗಿನಿಂದ ನನ್ನೊಡನೆ ಮಾತು ಬಿಟ್ಟಿದ್ದರು. ಹಿತ್ತಿಲಿನಲ್ಲಿ ಬಿದ್ದಿದ್ದ ಹಳೆಯ ಪೈಪಿನ ತುಂಡೊಂದನ್ನು ತಂದು ಪಾನಾದ ಹಿಡಿಗೆ ತೊಡಿಸಿದರು. ಹಿಡಿ ಉದ್ದವಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಕೈಯ ಪಕ್ಕದಲ್ಲಿ ಕೈ ಇಟ್ಟರು.

"ಸೀಳ್ಬಿಟ್ರೆ?" ಎಂದೆ.

"ಸೀಳಿದ್ರೆ ಸೀಳ್ಳಿ. ಬಿಟ್ರೆ ಬಿಗಿಯಾಗ್ತದಾ? ಹೂಂ, ಒತ್ತಿ."

ಇಬ್ಬರೂ ಮೈಭಾರ ಬಿಟ್ಟೆವು. ಕಿರ್ರ್ ಎಂದಿತು. ಒಡೆಯಿತೆಂದು ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ತೆರೆದಾಗ ಎಲ್ಬೋದ ಬಾಯಿ ನಲ್ಲಿಯ ಕಡೆಗೆ ನೆಟ್ಟಗೆ ನೋಡುತ್ತಿತ್ತು. ಹೊರಗೆ ಉಕ್ಕಿ ಬಂದ ಎಣ್ಣೆ-ಚಾಕಿನ ಗಾರೆಯನ್ನು ಬೆರಳಿನಿಂದ ಸವರಿ, ಅಡ್ಡ ತುಂಡು ಜೋಡಿಸಿ, ಯೂನಿಯನ್ ಬಿಗಿದೆ. ಇನ್ನು ಮಾಡುವುದೇನೂ ಇರಲಿಲ್ಲ, ಕಾಯುವುದೊಂದೇ.

ಭಾನುವಾರ ಸಂಜೆ ಹುಡುಗಿಯ ತಂದೆ ಬಂದರು. ಹೆಗಲ ಮೇಲೆ ಕಡಲೆಕಾಯಿ ಚೀಲ, ಕೈಯಲ್ಲಿ ಸುತ್ತಿದ ಹಗ್ಗ. ಅಂಗಳದಲ್ಲಿ ಹೊಗೆಯಾಡುತ್ತಿದ್ದ ಒಲೆ, ಸಾಲಾಗಿ ಇಟ್ಟ ಚೊಂಬುಗಳು, ತಳ ಕಾಣುತ್ತಿದ್ದ ಹಂಡೆ ಎಲ್ಲವನ್ನೂ ನಿಂತು ನೋಡಿದರು.

"ನೀರಿಲ್ವಂತೆ? ಸಂತೇಲಿ ಅಂದ್ಕಂತಿದ್ರು."

"ನಾಳೆ ಬೆಳಿಗ್ಗೆ ಬರುತ್ತೆ" ಎಂದೆ. ನನ್ನ ದನಿ ನನಗೇ ಸುಳ್ಳಿನಂತೆ ಕೇಳಿಸಿತು.

"ಬರ್ಲಿ ಕಣಮ್ಮ. ಬಂದ್ರೆ ಸರಿ. ನನ್ ಮಗ್ಳು ಕೊಡ ಹಿಡ್ಕಂಡು ಹೊಸ್ಲು ದಾಟಿದ್ರೆ ಪರೀಕ್ಷೆನೂ ಬ್ಯಾಡ, ಏನೂ ಬ್ಯಾಡ. ಮೊದ್ಲನೇ ಬಸ್ಗೆ ಹೊರಡ್ತೀವಿ." ಮಗಳ ಕೈಯಿಂದ ಟ್ರಂಕು ತರಿಸಿ, ಜಗಲಿಯ ಮೇಲಿಟ್ಟು, ಹಗ್ಗದಿಂದ ಬಿಗಿದು ಕಟ್ಟಿ, ಅದಕ್ಕೇ ಒರಗಿ ಮಲಗಿದರು. ಪುಸ್ತಕಗಳು ಅದರೊಳಗೇ ಉಳಿದಿದ್ದವು. ಹುಡುಗಿ ಗೆಳತಿಯ ಪುಸ್ತಕ ತೆಗೆದುಕೊಂಡು ಓದಿದಳು.

ಸೋಮವಾರ ಇನ್ನೂ ಕತ್ತಲಿರುವಾಗಲೇ ತಾರಸಿಯ ಮೇಲೆ ನೀರು ಬೀಳುವ ಸದ್ದು ಕೇಳಿತು. ಒಲೆಯ ಹಿಂದೆ ದೀಪ ಹಿಡಿದು ಕೂತೆ. ಪೈಪು ತಣ್ಣಗಾಗುತ್ತ ಬಂತು, ನೀರು ಇಳಿದಿದೆ. ಜಾಯಿಂಟಿನ ಅಂಚಿನಲ್ಲಿ ಏನೋ ಹೊಳೆಯಿತು. ಒಂದು ಹನಿ. ಅದು ದಪ್ಪವಾಗಿ, ತೂಗಿ, ಕೆಳಗೆ ಬಿತ್ತು. ಮುಗಿಯಿತು ಎಂದುಕೊಂಡೆ. ಹೊರಗೆ ಜಗಲಿಯಲ್ಲಿ ಹುಡುಗಿಯ ತಂದೆ ಎದ್ದು ಕೆಮ್ಮುವುದು ಕೇಳಿಸುತ್ತಿತ್ತು. ಎರಡನೆಯ ಹನಿ ಕೂಡಿತು. ಇದು ನಿಧಾನ. ಬಿದ್ದಿತು. ಮೂರನೆಯದು ಸಾಸಿವೆಯಷ್ಟಾಗಿ ಅಲ್ಲೇ ನಿಂತಿತು. ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಬೀಳಲಿಲ್ಲ. ಒಳಗೆ ನಾರು ನೀರು ಕುಡಿದು ಉಬ್ಬುತ್ತಿತ್ತು. ಹೊರಗೆ ಬೆಳಕು ಹರಿಯುವ ಹೊತ್ತಿಗೆ ಸೆರಗಿನಿಂದ ಆ ಹನಿಯನ್ನು ಒರೆಸಿದೆ. ಮತ್ತೆ ಮೂಡಲಿಲ್ಲ.

ಅಡುಗೆಯಮ್ಮ ಬಾಗಿಲಲ್ಲಿ ನಿಂತಿದ್ದರು. "ಕೆಂಡ ಒಳಕ್ ತರ್ಲಾ?" ಎಂದರು.

"ಬೇಡ ದೊಡ್ಡಮ್ಮ. ಇನ್ನು ಆ ಗೋಡೆ ಹತ್ರ ಒಲೆ ಬೇಡ. ಪರೀಕ್ಷೆ ಮುಗೀಲಿ, ಆಚೆ ಗೋಡೆಗೆ ಹೂಡೋಣ."

"ಆಯ್ತು. ಕುಂಕುಮ ನಾನೇ ಇಡ್ತೀನಿ" ಎಂದರು. ಅಲ್ಲಿಗೆ ನಮ್ಮ ಉಳಿದ ಮುನಿಸೂ ಮುಗಿಯಿತು. ಕಾರ್ಯದರ್ಶಿಗಳು ಬಂದು ಛತ್ರಿಯಿಂದ ಗೋಡೆ ಚುಚ್ಚಲು ಹೋಗಿ, ನನ್ನ ಮುಖ ನೋಡಿ, ಛತ್ರಿ ಕಂಕುಳಿಗೆ ಸಿಕ್ಕಿಸಿಕೊಂಡು ಹೋದರು.

ಜಗಲಿಯಿಂದ ಹುಡುಗಿಯ ತಂದೆ ಮಗಳನ್ನು ಕೂಗಿ ಕುಡಿಯಲು ನೀರು ಕೇಳಿದರು. ಅವಳು ನಲ್ಲಿ ತಿರುಗಿಸಿ ಚೊಂಬು ತುಂಬಿಸಿಕೊಂಡು ಹೋದಳು. ಅವರು ಚೊಂಬನ್ನು ಬಾಯಿಯವರೆಗೆ ತಂದು ತಡೆದರು.

"ಎಲ್ಲಿಂದ ತಂದೆವ್ವ?"

"ಒಳಗಿಂದ ಅಪ್ಪಾ. ನಮ್ ನಲ್ಲೀದು."

ಅವರು ನೀರು ಕುಡಿಯಲಿಲ್ಲ. ಎದ್ದು ಬಂದು, ಅಷ್ಟು ವರ್ಷದಲ್ಲಿ ಮೊದಲ ಸಲ ಅಡುಗೆಮನೆಯ ಹೊಸ್ತಿಲು ದಾಟಿ, ತಣ್ಣಗಿದ್ದ ಒಲೆಯ ಹಿಂದೆ ಬಗ್ಗಿ ನೋಡಿದರು. ಜಾಯಿಂಟಿನ ಕೆಳಗೆ ಬೆರಳಾಡಿಸಿ, ಹೆಬ್ಬೆರಳಿಗೆ ಉಜ್ಜಿ ನೋಡಿಕೊಂಡರು. ಬಟ್ಟೆ ಸುತ್ತಿದ್ದ ನನ್ನ ಅಂಗೈಯನ್ನೂ ನೋಡಿದರು. ಹೊರಗೆ ಹೋಗಿ ಚೊಂಬಿನ ನೀರನ್ನು ಒಂದೇ ಉಸಿರಿಗೆ ಕುಡಿದರು. ಆಮೇಲೆ ಟ್ರಂಕಿನ ಹಗ್ಗ ಬಿಚ್ಚತೊಡಗಿದರು. ಗಂಟು ಬಿಗಿಯಾಗಿತ್ತು; ಹಲ್ಲಿನಿಂದ ಕಚ್ಚಿ ಬಿಚ್ಚಬೇಕಾಯಿತು. ಮಗಳು ಪುಸ್ತಕ ತೆಗೆದುಕೊಂಡು ಪರೀಕ್ಷೆಗೆ ಓಡಿದಳು.

ಮೊದಲನೆಯ ಬಸ್ಸು ಹೋಗಿಯಾಗಿತ್ತು. ಅವರು ಅಂಗಳದ ಎರಡು ಕಂಬಗಳ ನಡುವೆ ಆ ಹಗ್ಗ ಎಳೆದು ಕಟ್ಟಿ, ಮೈಭಾರ ಬಿಟ್ಟು ಜಗ್ಗಿ ನೋಡಿದರು.

"ಬಟ್ಟೆ ಒಣಗ್ ಹಾಕ್ಕಳಾಕ್ ಆಯ್ತದೆ ಮಕ್ಕಳ್ಗೆ. ಇಲ್ಲೇ ಇರ್ಲಿ ಕಣಮ್ಮ" ಎಂದರು.